ಸುತಿ ಹಿಡಿಯುವ ಕೆಲಸ

ಈ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆದಿದೆ. ಅದನ್ನು ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದೆ, ಚಹಾದಂಗಡಿಯಲ್ಲಿ ಕೂತವರಿಗೆ ಎರಡೆರಡು ಸಲ ಹೇಳಿದೆ. ಈಗ ನಾನು ಬರುವುದನ್ನು ಕಂಡರೆ ಜನ ಎದ್ದು ಹೋಗುವ ಹಾಗಾಗಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಗದ ಎದ್ದು ಹೋಗುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಆದರೆ ಆ ಸಂಗತಿಗೆ ಮೊದಲು ಕೆಲಸದ ಮಾತು ಹೇಳಬೇಕು. ಈ ಕೆಲಸಕ್ಕೆ ಮತ್ತೆ ಹೊಸಬರು ಬರುವ ಹಾಗೆ ಕಾಣುತ್ತದೆ, ಬಂದವರಿಗೆ ಇದು ಏನೆಂದು ಹೇಳುವವರು ಉಳಿದಿಲ್ಲ.

ನಾನು ಸನಾದಿ ಮೇಳದಲ್ಲಿ ಸುತಿ ಹಿಡಿಯುತ್ತಿದ್ದವನು. ಓದಿದವರು ಶ್ರುತಿ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಸುತಿ. ಸನಾದಿಯವನು ರಾಗ ನುಡಿಸುತ್ತಾನೆ, ಡೋಲಿನವನು ಬಡಿಯುತ್ತಾನೆ, ಸುತಿಯವನು ಪಕ್ಕದಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಒಂದೇ ಸ್ವರ ಊದುತ್ತಾನೆ. ಅವನ ಕೊಳವೆಯೂ ಸನಾದಿಯ ಹಾಗೇ ಇರುತ್ತದೆ, ಆದರೆ ತೂತುಗಳಿಗೆ ಮೇಣ ಮೆತ್ತಿರುತ್ತದೆ. ಬೆರಳಿಗೆ ಕೆಲಸವಿಲ್ಲ. ಏನು ನುಡಿಸುತ್ತೀ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಹಾಡಿನ ಹೆಸರೂ ಇಲ್ಲ. ನಾನು ಹೆಣ್ಣು ನೋಡಲು ಹೋದಾಗ ಹೆಣ್ಣಿನ ಅಪ್ಪ, ಹುಡುಗ ಒಂದು ಊದಿ ಕೇಳಿಸಲಿ ಎಂದರು. ಊದಿದೆ. ಅವರು ಹಾಡು ಈಗ ಬಂದೀತು, ಆಗ ಬಂದೀತು ಎಂದು ಕಾದರು. ಎಲೆಯಡಿಕೆ ಹಾಕಿಕೊಂಡರು, ಅಗಿದು ಮುಗಿಸಿದರು. ಕಡೆಗೆ ನನ್ನ ಅಣ್ಣನ ಕಡೆ ಬಾಗಿ, "ಹುಡುಗ ಹಾಡು ಯಾವಾಗ ಚಾಲೂ ಮಾಡತಾನ್ರಿ?" ಎಂದು ಕೇಳಿದರು. ಆದರೂ ಹೆಣ್ಣು ಕೊಟ್ಟರು, ಪುಣ್ಯಾತ್ಮರು.

ಕಲಿಸಿದವನು ಆ ಅಣ್ಣನೇ, ದುರುಗಪ್ಪ. ಮೇಳ ಅವನದು. ನನಗೆ ಗುರು ಎಂದರೂ ಅವನೇ, ಸಾಹೇಬ ಎಂದರೂ ಅವನೇ. ಪಪ್ಪಾಯಿ ಎಲೆಯ ದಂಟು ಒಳಗೆ ಟೊಳ್ಳಿರುತ್ತದೆ. ಅದನ್ನು ಮುರಿದು ಕೈಗೆ ಕೊಟ್ಟು, ನೀರು ತುಂಬಿದ ತಂಬಿಗೆ ಮುಂದಿಟ್ಟು, ದಂಟಿನಲ್ಲಿ ಊದು, ಗುಳ್ಳೆ ಏಳುವುದು ನಿಲ್ಲಬಾರದು ಎಂದ. ಊದಿದೆ. ಉಸಿರು ಮುಗಿಯಿತು, ಗುಳ್ಳೆ ನಿಂತಿತು.

"ಎದಿ ಖಾಲಿ ಆಗೂತನಕ ಕಾಯಬ್ಯಾಡಲೇ," ಎಂದ ಅಣ್ಣ. "ಗಲ್ಲದಾಗ ಒಂದೀಟು ಗಾಳಿ ಉಳಿಸ್ಕೋ. ಅದು ಹೊರಗ ಹೋಗೂದರಾಗ ಮೂಗಿನಿಂದ ಹೊಸಾದು ಎಳ್ಕೋ."

ಹೇಳುವುದಕ್ಕೆ ಇಷ್ಟೇ. ಮಾಡಲು ಹೋದರೆ ನೀರು ಮೂಗಿಗೇರಿ, ಕೆಮ್ಮಿ, ಅಂಗಿ ತೊಯ್ದು, ಒಂದು ಮಳೆಗಾಲವೇ ಹೋಯಿತು. ಹೊಸಬರು ಇದಕ್ಕೆ ತಯಾರಾಗಿ ಬರಬೇಕು. ಮೊದಲು ಕಿವಿಯ ಕೆಳಗೆ ಗಲ್ಲ ನೋಯುತ್ತದೆ, ಆಮೇಲೆ ಹಣೆ ಬಿಗಿಯುತ್ತದೆ. ರೊಟ್ಟಿ ಅಗಿಯಲಾಗದಿದ್ದರೆ ನುಚ್ಚು ಮಜ್ಜಿಗೆ ಉಣ್ಣಿರಿ. ಒಂದು ದಿನ ಇದ್ದಕ್ಕಿದ್ದ ಹಾಗೆ ಗುಳ್ಳೆ ನಿಲ್ಲದೆ ಏಳುತ್ತಲೇ ಇರುತ್ತದೆ, ಊದುತ್ತಿರುವವರು ನೀವೋ ಬೇರೆ ಯಾರೋ ಎಂದು ನಿಮಗೇ ಅನುಮಾನ ಬರುತ್ತದೆ. ಆ ಹೊತ್ತಿನ ಸಂತೋಷ ಬಾಯಿಂದ ಹೇಳಲಾಗುವುದಿಲ್ಲ, ಯಾಕೆಂದರೆ ಬಾಯಲ್ಲಿ ದಂಟು ಇರುತ್ತದೆ.

ತಪ್ಪುಗಳೂ ಆದವು. ದೊಡ್ಡದು ಆದದ್ದು ಮುಕ್ಕುಂದದ ಒಂದು ಮದುವೆಯಲ್ಲಿ. ಭತ್ತದ ಸುಗ್ಗಿ ಮುಗಿದು ಮನೆಮನೆಯಲ್ಲಿ ಹಂದರ ಹಾಕಿದ್ದ ದಿನಗಳು. ಬೆಳಿಗ್ಗೆಯಿಂದ ಊದುತ್ತಲೇ ಇದ್ದೆ. ಮದುಮಗನ ಅಜ್ಜಿ ನನ್ನನ್ನು ನೋಡಿ ನೋಡಿ ಮರುಗಿ, ಒಂದು ಬಸಿಯಲ್ಲಿ ಚಹಾ ತಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಯಪ್ಪಾ, ಎಲ್ಲಾರೂ ಕುಡದ್ರು, ನೀ ಒಬ್ಬಾವ ಉಳದಿ. ಒಂದ ಗುಟುಕು ಕುಡಿ."

ತಲೆ ಅಲ್ಲಾಡಿಸಿದೆ.

"ನಾಚ್ಕೋಬ್ಯಾಡ. ಏ, ಕಣ್ಣು ನೋಡು ಹ್ಯಾಂಗ ಹೊರಗ ಬಂದಾವು. ಕುಡಿಯಪಾ, ನಿನಗ ನನ್ನ ಆಣಿ."

ಆಣೆ ಇಟ್ಟರೆ ಏನು ಮಾಡುವುದು? ಕೊಳವೆಯನ್ನು ತುಟಿಯಿಂದ ಸ್ವಲ್ಪ ಸರಿಸಿ ಒಂದು ಗುಟುಕು ಕುಡಿದೆ. ಸುತಿ ನಿಂತಿತು. ಮೇಲಿನ ಸ್ವರದಲ್ಲಿದ್ದ ಅಣ್ಣ ಗಾಬರಿಯಾಗಿ ಎಡವಿದ. ಡೋಲಿನವನು, ತಾಳಿ ಕಟ್ಟುವ ಹೊತ್ತಾಯಿತೆಂದು ತಿಳಿದು ಜೋರಾಗಿ ಬಡಿದ. ಬಡಿತ ಕೇಳಿದ್ದೇ ಹಂದರದ ತುಂಬ ಕೂತವರೆಲ್ಲ ಅಕ್ಕಿಕಾಳು ಎಸೆದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಅಯ್ಯನವರು ಎರಡೂ ಕೈ ಎತ್ತಿ ತಡೆಯುತ್ತಿದ್ದರೂ ಅವರ ತಲೆಯ ಮೇಲೆಯೇ ಕಾಳು ಬೀಳುತ್ತಿತ್ತು. ಮತ್ತೆ ಅಕ್ಕಿ ತರಿಸಿ, ಮತ್ತೆ ಹಂಚಿ, ಮದುವೆ ಎರಡನೇ ಸಲ ಆಯಿತು.

ಸಂಜೆ ಕಾಲುವೆಯ ಏರಿಯ ಮೇಲೆ ನಡೆದು ಬರುವಾಗ ಅಣ್ಣ ಕೇಳಿದ: "ಚಹಾಕ್ಕ ಸಕ್ರಿ ಬರೋಬ್ಬರಿ ಇತ್ತೇನಲೇ?"

"ಒಂದೀಟು ಕಮ್ಮಿ ಇತ್ತಣ್ಣ."

ಅವನು ನಗಲು ಶುರುಮಾಡಿದವನು ಏರಿಯ ಮೇಲೆಯೇ ಕೂತುಬಿಟ್ಟ. ಬಯ್ಯುತ್ತಾನೆಂದು ಕಾದಿದ್ದ ನನಗೆ ಅಳು ಬಂತು. ಸಾಹೇಬ ಅಂದರೆ ಹೀಗಿರಬೇಕು.

ಇನ್ನು ಮಠದ ಕೆಲಸ. ಅದೇ ನಮ್ಮ ರೀತಿಯನ್ನು ಬದಲಿಸಿದ್ದು. ಲಿಂಗಸುಗೂರು ರಸ್ತೆಯಲ್ಲಿ ಒಂದು ಸಣ್ಣ ಮಠವಿದೆ. ಅಲ್ಲಿಯ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶ್ರಾವಣದ ಬೆಳಗಿನಲ್ಲಿ ಭಕ್ತರು ಕಣ್ಣು ಮುಚ್ಚಿ ಮೌನವಾಗಿ ಕೂಡುವ ಪದ್ಧತಿಯನ್ನು ಅವರು ಹಾಕಿದರು. ನಮ್ಮನ್ನು ಕರೆಸಿ ಹೇಳಿದರು:

"ಹಾಡು ಪದ ಬ್ಯಾಡ ದುರುಗಪ್ಪ. ಪದ ಕೇಳಿದ್ರ ಮನಸ್ಸು ಅದರ ಬೆನ್ನ ಹತ್ತಿ ಹೋಗತೈತಿ. ಮಂದಿ ಸುಮ್ಮನ ಕೂತು ತಮ್ಮ ಒಳಗ ನೋಡ್ಕೊಳ್ಳೂವಂಥದ್ದು ಏನರ ಊದ್ರಿ."

"ಪದ ಬಿಟ್ಟು ಏನ ಊದ್ಲಿರಿ ಅಜ್ಜಾರ? ಉಪ್ಪಿಲ್ಲದ ಸಾರು ಮಾಡು ಅಂದಂಗಾತು."

"ಜ್ವರ ಬಂದಾವಗ ಅದ ರುಚಿ," ಎಂದರು ಅಜ್ಜಾರು. "ಇಲ್ಲಿ ಬರಾವ್ರೆಲ್ಲ ಜ್ವರ ಬಂದಾವ್ರ."

ಅಣ್ಣನಿಗೆ ಅದು ಕಷ್ಟದ ಕಲಿಕೆಯಾಯಿತು. ಡೋಲು ಮನೆಯಲ್ಲಿ ಉಳಿಯಿತು. ಒಂದು ಸ್ವರ ಊದಿ, ಅದು ತಾನಾಗಿ ಆರುವವರೆಗೆ ಕಾದು, ಇನ್ನೊಂದನ್ನು ಮುಟ್ಟಬೇಕು. ಎರಡು ಸ್ವರ ಸೇರಿ ಹಾಡಾಗುವ ಮೊದಲೇ ಬಿಡಿಸಬೇಕು. ಬೆರಳು ತುರಿಸುತ್ತವೆ ತಮ್ಮಾ ಎನ್ನುತ್ತಿದ್ದ. ಮೊದಲ ವಾರ ಅವನು ಊದುವಾಗ ಹಣೆಯ ಮೇಲೆ ಬೆವರು ನಿಲ್ಲುತ್ತಿತ್ತು, ಮದುವೆಯಲ್ಲಿ ಇಡೀ ದಿನ ಊದಿದರೂ ಅಷ್ಟು ಬೆವರುತ್ತಿರಲಿಲ್ಲ. ನನ್ನ ಕೆಲಸ ಮಾತ್ರ ಏನೂ ಬದಲಾಗಲಿಲ್ಲ. ಮದುವೆಯಲ್ಲೂ ಅದೇ, ಮೌನದಲ್ಲೂ ಅದೇ. ಅಲ್ಲಿಯವರೆಗೆ ಅವನು ಎತ್ತು, ನಾನು ಹಿಂದಿನ ಗಾಡಿ ಎಂದುಕೊಂಡಿದ್ದೆ. ಮಠದಲ್ಲಿ ಅವನು ಸ್ವರ ಬಿಟ್ಟು ಕಾಯುವಾಗ ಉಳಿಯುತ್ತಿದ್ದದ್ದು ನನ್ನದೊಂದೇ.

ಅಜ್ಜಾರಿಗೆ ನನ್ನ ಉಸಿರಿನ ಮೇಲೆ ಬಹಳ ಕುತೂಹಲ. ಒಂದು ದಿನ ಕೂಟ ಮುಗಿದ ಮೇಲೆ ಹತ್ತಿರ ಕರೆದು, "ಉಸಿರ ಕಡಿಯೂದಿಲ್ಲಲ್ಲೋ ನೀ. ನಾವು ಇಷ್ಟು ವರ್ಷ ಪ್ರಾಣಾಯಾಮ ಮಾಡೀವಿ, ನಮಗ ಬರೂದಿಲ್ಲ. ಕಲಸು," ಎಂದರು. ಮಠದ ಹಿತ್ತಿಲಿನ ಪಪ್ಪಾಯಿ ದಂಟು, ಮಠದ್ದೇ ತಂಬಿಗೆ. ಊದಿದರು. ನೀರೆಲ್ಲ ಕಾವಿಯ ಮೇಲೆ ಬಂತು. ಮತ್ತೊಮ್ಮೆ ಊದಿ, ನಕ್ಕು, ಇನ್ನಷ್ಟು ತೊಯ್ಸಿಕೊಂಡರು. "ಇದು ನಮ್ಮಿಂದ ಆಗೂದಲ್ಲಪಾ. ನೀ ಊದು, ನಾವು ಕೂಡತೀವಿ," ಎಂದರು. ಅಜ್ಜಾರು ಈಗಿಲ್ಲ. ಆ ನಗು ನೆನಪಿದೆ.

ಆ ಕೂಟಕ್ಕೆ ಬರುತ್ತಿದ್ದವರಲ್ಲಿ ನನಗೆ ಮರೆಯಲಾಗದವನು ವಳಕಮದಿನ್ನಿಯ ಯಂಕೋಬ. ಟ್ರ್ಯಾಕ್ಟರ್ ಹೊಡೆದು ಹೊಡೆದು ಅವನ ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು ಹೊಕ್ಕಿತ್ತು. ಎಂಜಿನ್ ಆರಿಸಿದರೂ ಆರದ ಸದ್ದು. ಸಿಂಧನೂರಿನ ಡಾಕ್ಟರು, ಇದರ ಜೊತೆ ಹೊಂದಿಕೊಳ್ಳಬೇಕು ಎಂದಿದ್ದರಂತೆ. ಅವನು ಎಲ್ಲರನ್ನೂ ದಾಟಿ ಬಂದು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡುತ್ತಿದ್ದ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಕೇಳಿಯೇ ಬಿಟ್ಟೆ: "ಅಷ್ಟು ಜಾಗ ಐತಿ, ನನ್ನ ಮೈಮ್ಯಾಲ ಯಾಕ ಬೀಳ್ತಿಯೋ ಮಾರಾಯಾ?"

"ಸಿಟ್ಟ ಮಾಡಬ್ಯಾಡಣ್ಣ," ಎಂದ. "ನೀ ಊದಾಕ ಹತ್ತಿದ್ರ ನನ್ನ ಕಿವ್ಯಾಗಿಂದು ಅದರಾಗ ಕೂಡ್ಕೊಂಡು ಹೋಗತೈತಿ. ಯಾವುದು ನಿಂದು, ಯಾವುದು ನಂದು ತಿಳಿಯೂದಿಲ್ಲ. ಅಷ್ಟ ಹೊತ್ತು ನಾ ಆರಾಮ."

ಮರುದಿನದಿಂದ ನಾನೇ ಅವನಿಗೆ ಪಕ್ಕದಲ್ಲಿ ಜಾಗ ಹಿಡಿದಿಡುತ್ತಿದ್ದೆ. ಹೊಸಬರು ನೆನಪಿಡಬೇಕು: ನಿಮ್ಮ ಎದುರು ಕಣ್ಣು ಮುಚ್ಚಿ ಕೂತವರು ಏನು ಹೊತ್ತು ಬಂದಿದ್ದಾರೆಂದು ನಿಮಗೆ ಗೊತ್ತಿರುವುದಿಲ್ಲ. ಕೇಳಲೂ ಬಾರದು. ಊದಬೇಕು.

ಅಣ್ಣ ತೀರಿದ ಮೇಲೆ ಮೇಳ ಅವನ ಮಗ ಮಲ್ಲೇಶಿಯ ಕೈಗೆ ಬಂತು. ಕೆಲವು ವರ್ಷ ಅವನ ಜೊತೆಗೂ ಊದಿದೆ. ಆಮೇಲೆ ನನ್ನ ಮುಂದಿನ ಹಲ್ಲು ಹೋದವು, ತುಟಿಗೆ ಬಿಗಿ ಸಿಗಲಿಲ್ಲ. ಮಲ್ಲೇಶಿ ಕರೆಂಟಿನ ಸುತಿಪೆಟ್ಟಿಗೆ ತಂದ. ಒಳ್ಳೆಯ ಸಾಮಾನು ಅದು, ಚಹಾ ಕೇಳುವುದಿಲ್ಲ. ಮದುವೆಗಳಿಗೆ ಅದು ಸಾಕು. ಆದರೆ ಮಠದ ಕೂಟದೊಳಗೆ ಫೋನು, ವೈರು, ಸ್ಪೀಕರು ಏನೂ ಇರಬಾರದೆಂಬ ನೇಮ. ಹಾಗಾಗಿ ಮಲ್ಲೇಶಿ ಅಲ್ಲಿ ಸುತಿಯಿಲ್ಲದೆ ಒಬ್ಬನೇ ಊದುತ್ತ ಬಂದ. ನಾನು ಹಿಂದೆ ಕೂತು ಕೇಳಿ ಬರುತ್ತಿದ್ದೆ, ಮನೆಗೆ ಬಂದು ಉಣ್ಣುತ್ತಿರಲಿಲ್ಲ.

ಈಗ ಮೊಮ್ಮಗಳ ಮಾತು. ಅಂಬಿಕಾ ನನ್ನ ಮಗನ ಮಗಳು. ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಾಳೆ. ಹೋದ ವರ್ಷ ಒಂದು ಸಂಜೆ ಓದುತ್ತ ಕೂತಿದ್ದಳು, ಪಕ್ಕದಲ್ಲಿ ಫೋನು ಹಚ್ಚಿಟ್ಟಿದ್ದಳು. ಅದರಿಂದ ಬರುತ್ತಿದ್ದ ಸದ್ದು ಕೇಳಿ, ಫೋನು ಕೆಟ್ಟಿರಬೇಕೆಂದುಕೊಂಡೆ.

"ಕೆಟ್ಟಿಲ್ಲಜ್ಜಾ. ಇದು ಧ್ಯಾನದ ಸಂಗೀತ. ಹಾಡು ಇರೂದಿಲ್ಲ. ಹಚ್ಚಿದ್ರ ತಲಿ ತಣ್ಣಗಾಗತೈತಿ, ಓದಿದ್ದು ಉಳೀತೈತಿ."

ಕಿವಿಗೆ ಹಿಡಿದೆ. ಆಗೊಮ್ಮೆ ಈಗೊಮ್ಮೆ ಒಂದು ಕೊಳಲಿನ ಹನಿ. ದೂರದಲ್ಲಿ ನೀರು ಹರಿದ ಹಾಗೆ. ಅವೆರಡರ ಕೆಳಗೆ ಚಾಪೆ ಹಾಸಿದ ಹಾಗೆ ಒಂದೇ ಸ್ವರ.

"ಅಂಬೀ, ಇದರ ಕೆಳಗ ಒಬ್ಬಾವ ಸುತಿ ಹಿಡದಾನ."

"ಒಬ್ಬಾವ ಅಲ್ಲಜ್ಜಾ, ಕಂಪ್ಯೂಟರ್."

"ಯಾರರ ಆಗಲಿ. ಹಿಡದಾನ."

ಎಲ್ಲೆಲ್ಲಿಯೋ ದೇಶದ ಜನ ರೊಕ್ಕ ಕೊಟ್ಟು ಫೋನು ತಂದು, ಕಣ್ಣು ಮುಚ್ಚಿ ಇದನ್ನೇ ಕೇಳುತ್ತಾರಂತೆ. ಆ ರಾತ್ರಿ ನಾನು ಒಂದು ರೊಟ್ಟಿ ಹೆಚ್ಚಿಗೆ ಉಂಡೆ. ಅಂಬಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಇದನ್ನ ನೀ ಬಾಯಿಲೆ ಮಾಡ್ತಿದ್ದೀ?" ಎಂದಳು. ಹೌದೆಂದೆ. "ನನಗ ಕಲಸು," ಎಂದಳು.

ಪಪ್ಪಾಯಿ ದಂಟಿನ ಬದಲು ತಂಪು ಪಾನೀಯದ ಸ್ಟ್ರಾ, ತಂಬಿಗೆ ಮಾತ್ರ ಅದೇ. ನನಗೆ ಒಂದು ಮಳೆಗಾಲ ಹಿಡಿದದ್ದು ಅವಳಿಗೆ ಉಗಾದಿಯಿಂದ ಬಸವ ಜಯಂತಿಯೊಳಗೆ ಬಂತು. ನಾನೇನು ಹೇಳಲಿ? ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ನಾನು ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಕೊಳವೆ ತೆಗೆದು ಕೈಗೆ ಕೊಟ್ಟೆ.

ಅಡ್ಡ ನಿಂತವಳು ನನ್ನ ಸೊಸೆ ಹುಲಿಗೆಮ್ಮ, ಅಂಬಿಯ ಅವ್ವ. ಅವಳನ್ನು ಕೆಟ್ಟವಳೆನ್ನಲಾರೆ, ನಮ್ಮ ಕುಲದಲ್ಲಿ ಹೆಂಗಸರು ಹಾಡಿದ್ದುಂಟು, ಊದಿದ್ದಿಲ್ಲ.

"ಮನ್ಯಾಗ ಊದಲಿ, ಬ್ಯಾಡ ಅನ್ನೂದಿಲ್ಲ," ಎಂದಳು. "ಮಂದಿ ಮುಂದ ಗಲ್ಲ ಉಬ್ಬಿಸ್ಕೊಂಡು ಕುಂತ್ರ ನಾಳಿ ಬಂದ ಬೀಗರು ಏನಂತಾರ್ರಿ ಮಾವಾ?"

"ನಾ ಉಬ್ಬಿಸಿದ್ನಲ್ಲ, ನನಗ ಹೆಣ್ಣು ಕೊಟ್ಟಾರ."

"ನಿಮ್ಮದು ಗಂಡಸರ ಗಲ್ಲ."

ಮಲ್ಲೇಶಿಯ ಬಾಯಿ ಇನ್ನೂ ಹರಿತ. "ಕಾಕಾ, ಈ ಹುಡುಗಿ ಇಡೀ ಕೂಟ ಸುತಿ ಹಿಡದ್ರ ನಾ ಕೈಗೆ ಬಳಿ ಇಟ್ಕೋತೀನಿ," ಎಂದ.

ಅಂಬಿ ಸ್ಟ್ರಾ ಬಾಯಿಂದ ತೆಗೆದು, "ಅಳತಿ ಹೇಳ್ರಿ ದೊಡ್ಡಪ್ಪಾ. ಸಿಂಧನೂರಾಗ ತಂದಿಟ್ಟಿರ್ತೀನಿ," ಎಂದಳು.

ಹುಲಿಗೆಮ್ಮ ನಗು ತಡೆದುಕೊಂಡದ್ದನ್ನು ನಾನು ನೋಡಿದೆ. ಆದರೂ ಸಡಿಲ ಬಿಡಲಿಲ್ಲ. ಬಹಳ ಹೇಳಿಸಿಕೊಂಡು ಕಡೆಗೆ ಒಂದು ಕರಾರು ಹಾಕಿದಳು: "ಒಂದ ದಿನ. ನಾನೂ ಬಂದು ಕೂಡತೀನಿ. ನಡುವ ನಿಂತಿತು ಅಂದ್ರ ಆ ಕೊಳವಿ ಅಟ್ಟದ ಮ್ಯಾಲ ಹೋಗತೈತಿ, ಮತ್ತ ಕೆಳಗ ಇಳಿಯೂದಿಲ್ಲ."

ಶ್ರಾವಣದ ಮೊದಲ ಸೋಮವಾರ. ನಸುಕಿನ ಬಸ್ಸಿಗೆ ಹೋದೆವು. ಮಠದ ಕಲ್ಲು ಹಾಸಿನ ಮೇಲೆ ಚಾಪೆ ಹಾಸಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹುಲಿಗೆಮ್ಮ ಕಂಬಕ್ಕೆ ಆನಿಕೊಂಡು ಮಗಳು ಕಾಣುವ ಹಾಗೆ ಕೂತಳು. ಈಗಿನ ಸಣ್ಣ ಸ್ವಾಮಿಗಳು ಬಂದು ಕೂತು ಕಣ್ಣು ಮುಚ್ಚಿದರು. ಅಂಬಿ ತಲೆಯ ಮೇಲೆ ಸೆರಗಿನ ಹಾಗೆ ದುಪ್ಪಟ್ಟಾ ಹೊದ್ದು, ಕೊಳವೆ ತುಟಿಗಿಟ್ಟಳು. ಮೊದಲ ಉಸಿರು ಸ್ವಲ್ಪ ನಡುಗಿತು. ಆಮೇಲೆ ಸ್ವರ ಸ್ಥಿರವಾಯಿತು. ಮಲ್ಲೇಶಿ ಓರೆಗಣ್ಣಲ್ಲಿ ಅವಳನ್ನು ನೋಡಿ, ತನ್ನ ಸನಾದಿ ಎತ್ತಿಕೊಂಡ.

ಅರ್ಧ ಕೂಟದವರೆಗೆ ಎಲ್ಲ ಚೆನ್ನಾಗಿತ್ತು. ತಪ್ಪಿದವನು ಮಲ್ಲೇಶಿ. ಕೆಳಗೆ ಗಟ್ಟಿ ಸುತಿ ಸಿಕ್ಕು ಎಷ್ಟೋ ವರ್ಷವಾಗಿತ್ತು, ಆ ಖುಷಿಯಲ್ಲಿ ಅವನ ಬೆರಳು ಹಿಗ್ಗಿದವು. ಬಿಡಿಯಾಗಿರಬೇಕಾದ ಮೂರು ನಾಲ್ಕು ಸ್ವರ ಕೂಡಿಕೊಂಡವು. ಅವು ಕೂಡಿದರೆ ನಮ್ಮ ಕಡೆಯ ಹೆಂಗಸರು ಸೋಮವಾರದ ಭಜನೆಯಲ್ಲಿ ಹಾಡುವ ಪದದ ಎತ್ತುಗಡೆ. ಹೆಂಗಸರ ಕಡೆ ಯಾರೋ ಗುನುಗಿದರು. ಇನ್ನೊಬ್ಬರು ತೊಡೆಯ ಮೇಲೆ ತಾಳ ಹಾಕಿದರು. ಅಷ್ಟರಲ್ಲಿ ಒಂದು ಗಂಟಲು ಪೂರ್ತಿ ಎದ್ದು ಪದ ಎತ್ತಿಕೊಂಡಿತು. ಆ ಗಂಟಲು ನನ್ನ ಸೊಸೆಯದು. ಓಣಿಯ ಭಜನೆಯಲ್ಲಿ ಮೊದಲು ಎತ್ತುವವಳು ಅವಳೇ. ಕಣ್ಣು ಮುಚ್ಚಿದ್ದಳಲ್ಲ, ಎಲ್ಲಿದ್ದೇನೆಂಬುದು ಮರೆತಿತ್ತು. ಅವಳ ಹಿಂದೆ ಎಲ್ಲರೂ. ಮೌನದ ಕೂಟ ಭರ್ತಿ ಭಜನೆಯಾಯಿತು. ಸಣ್ಣ ಸ್ವಾಮಿಗಳು ಒಂದು ಕಣ್ಣು ತೆರೆದರು.

ಮಲ್ಲೇಶಿ ಬೆವತು ಸನಾದಿಯನ್ನು ತೊಡೆಗೆ ಇಳಿಸಿದ. ಸನಾದಿ ಇಳಿದರೆ ಸುತಿಯೂ ಇಳಿಯಬೇಕು, ಅದು ಮೇಳದ ನೇಮ. ನಾನು ಹಿಂದಿನಿಂದ ನೋಡುತ್ತಿದ್ದೆ. ಇಳಿಸಿದರೆ ಕೊಳವೆ ಅಟ್ಟಕ್ಕೆ. ಇಳಿಸದಿದ್ದರೆ ಈ ಗದ್ದಲದಲ್ಲಿ ಊದುವುದಾದರೂ ಯಾರಿಗೆ?

ಅಂಬಿ ಇಳಿಸಲಿಲ್ಲ. ಜೋರೂ ಮಾಡಲಿಲ್ಲ. ಮೊದಲು ಹೇಗಿತ್ತೋ ಹಾಗೆ.

ಹಾಡಿಗೆ ಮುಂದೆ ಕರೆದೊಯ್ಯುವ ಸನಾದಿ ಇಲ್ಲ, ತಾಳಕ್ಕೆ ಡೋಲಿಲ್ಲ. ಒಂದು ನುಡಿ ಮುಗಿಯಿತು. ಎರಡನೆಯದನ್ನು ಅರ್ಧ ಜನ ಎತ್ತಿದರು, ಅರ್ಧ ಜನ ಬಿಟ್ಟರು. ಮಾತುಗಳು ಉದುರಿ ಹೋಗಿ ಬರೀ ಗುನುಗು ಉಳಿಯಿತು. ಆ ಗುನುಗು ಕೂಡಲು ಜಾಗ ಹುಡುಕುತ್ತ ಬಂದು ನನ್ನ ಮೊಮ್ಮಗಳ ಸ್ವರದ ಮೇಲೆ ಕೂತಿತು. ಅಷ್ಟು ಜನ, ಬಾಯಿ ಮುಚ್ಚಿ, ಒಂದೇ ಸ್ವರ. ಹುಲಿಗೆಮ್ಮನ ದನಿ ಅದರಲ್ಲಿ ಕಡೆಯವರೆಗೂ ಇತ್ತು, ನನಗೆ ಅದರ ಗುರುತಿದೆ. ಆಮೇಲೆ ಅದೂ ತೆಳ್ಳಗಾಗಿ ನಿಂತಿತು. ಉಳಿದದ್ದು ಅಂಬಿಯ ಉಸಿರು. ಮಲ್ಲೇಶಿ ಸನಾದಿ ಮುಟ್ಟಲೇ ಇಲ್ಲ, ಅವನೂ ಕಣ್ಣು ಮುಚ್ಚಿದ್ದ. ಸ್ವಾಮಿಗಳ ಆ ಒಂದು ಕಣ್ಣೂ ಮುಚ್ಚಿತು. ಕೂಟ ಮುಗಿಯುವ ಹೊತ್ತು ದಾಟಿದರೂ ಯಾರೂ ಏಳಲಿಲ್ಲ.

ಚಾಪೆ ಸುತ್ತುವಾಗ ಅಂಬಿಯನ್ನು ಕೇಳಿದೆ: "ಅಂವ ಇಳಿಸಿದ ಮ್ಯಾಲೂ ನೀ ಯಾಕ ಇಳಸಲಿಲ್ಲ?"

"ನಡುವ ನಿಂತ್ರ ಅವ್ವ ಅಟ್ಟಕ್ಕ ಇಡ್ತಿದ್ಲಲ್ಲ," ಎಂದಳು. ಮಾತು ಸರಿಯಾಗಿ ಬರುತ್ತಿರಲಿಲ್ಲ, ಗಲ್ಲ ಬಿಗಿದಿದ್ದವು.

ಮಲ್ಲೇಶಿ ನನ್ನ ಮುಖ ನೋಡದೆ ಸನಾದಿಗೆ ಬಟ್ಟೆ ಸುತ್ತುತ್ತ, "ನಾಳಿ ಆಕೀನ ಮೊದಲ ಚಾಲೂ ಮಾಡಲಿ. ನಾ ಆಕಿ ಹಿಂದ ಬರತೀನಿ," ಎಂದ. ಅಂಬಿ ಅವನ ಮಣಿಕಟ್ಟಿಗೆ ಬೆರಳು ಸುತ್ತಿ ಬಳೆಯ ಅಳತೆ ತೆಗೆದಳು. ಅವನು ಕೈ ಕೊಸರಲಿಲ್ಲ.

ಹುಲಿಗೆಮ್ಮ ಮಾತ್ರ ಮಠದಿಂದ ಮಸ್ಕಿಯವರೆಗೆ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತ ಬಂದಳು. ತಾನು ಹಾಡಿ ಕೂಟ ಕೆಡಿಸಿದ್ದಕ್ಕೆ ನಾಚಿಕೆಯೋ, ಮಗಳ ಮೇಲೆ ಇನ್ನೂ ಮನಸ್ಸು ಬಿಗಿಯೋ ತಿಳಿಯಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ. ಅಂಬಿ ಕೊಳವೆಯನ್ನು ದುಪ್ಪಟ್ಟಾದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು.

ಮನೆಗೆ ಬಂದು ಕಾಲು ತೊಳೆದವಳೇ ಹುಲಿಗೆಮ್ಮ ಒಳಗೆ ಹೋದಳು. ಅಡುಗೆಮನೆಯಿಂದ ಕುಸುಬಿ ಎಣ್ಣೆ ಕಾದ ವಾಸನೆ ಬಂತು. ಬಟ್ಟಲು ಹಿಡಿದು ಹೊರಗೆ ಬಂದು ಪಡಸಾಲೆಯ ಮೇಲೆ ಕೂತಳು.

"ಬಾ ಇಲ್ಲಿ."

ಅಂಬಿ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಹುಲಿಗೆಮ್ಮ ಬೆರಳು ಅದ್ದಿ ಮಗಳ ಗಲ್ಲಕ್ಕೆ, ಕಿವಿಯ ಕೆಳಗೆ, ಮೆಲ್ಲಗೆ ತಿಕ್ಕತೊಡಗಿದಳು.

"ಎಲ್ಲಿ ನೋಯಾಕತ್ತೈತಿ?"

"ಇಲ್ಲಿ. ಇಲ್ಲೂ."

"ಸುಮ್ಮನ ಮಕ್ಕೋ. ಮಾತಾಡಬ್ಯಾಡ," ಎಂದಳು ಹುಲಿಗೆಮ್ಮ. "ಈಗ ಸಡ್ಲ ಮಾಡದಿದ್ರ ನಾಳಿ ಊದಾಕ ಬರೂದಿಲ್ಲ."